ಒಂದು ನಾಮಕ್ಕೆ ಒಂದು ಮಣಿ

ಒಂದು ನಾಮಕ್ಕೆ ಒಂದು ಮಣಿ. ಅದು ನಮ್ಮ ಬೆಂಚಿನ ಕಾನೂನು.

ಸ್ಪೀಕರಿನಿಂದ ನಾಮ ಒಂದು ಸಲ ಬಂದರೆ ಬೈರಿಗೆ ಒಂದು ಸಲ ಇಳಿಯಬೇಕು. ಮುಂದಿನ ನಾಮ ಬರುವಷ್ಟರಲ್ಲಿ ತೂತು ಬಿದ್ದ ಮಣಿ ತಟ್ಟೆಯಲ್ಲಿರಬೇಕು, ಇನ್ನೊಂದು ಬೆರಳಿಗೆ ಬಂದಿರಬೇಕು. ತಟ್ಟೆಗೆ ನೂರೆಂಟು ಗುಳಿ. ನೂರೆಂಟು ನಾಮಕ್ಕೆ ತಟ್ಟೆ ತುಂಬಬೇಕು. ತುಂಬದಿದ್ದರೆ ಮೇಸ್ತ್ರಿ ಕೆಲಸ ತಪ್ಪಿಸಿದೆ ಎನ್ನುತ್ತಿರಲಿಲ್ಲ. ನಾಮ ತಪ್ಪಿಸಿದೆ ಎನ್ನುತ್ತಿದ್ದ.

ನಾವು ಜಪಮಾಲೆ ಮಾಡುವವರು. ಹನ್ನೊಂದು ಹೆಂಗಸರು, ಎಲ್ಲರೂ ಒಂದೇ ಕೇರಿಯವರು. ಹತ್ತು ಜನ ಕೊರೆಯುತ್ತಿದ್ದರು. ನಾನೊಬ್ಬಳು ಪೋಣಿಸುತ್ತಿದ್ದೆ.

ಆ ಕಟ್ಟಡಕ್ಕೆ ಎರಡು ಮುಖ. ಬೀದಿಯ ಕಡೆ ತಣ್ಣನೆಯ ಕಲ್ಲಿನ ಹಜಾರ. ಕೊಳ್ಳುವವರು ಅಲ್ಲಿ ಚಪ್ಪಲಿ ಬಿಟ್ಟು ಬಂದು ಕೂರುತ್ತಾರೆ, ಕಣ್ಣು ಮುಚ್ಚುತ್ತಾರೆ, ಮಾಲೆ ಆರಿಸಿಕೊಂಡು ಹೋಗುತ್ತಾರೆ. ಹಿಂದುಗಡೆ ತಗಡಿನ ಸೂರು. ಅದು ನಮ್ಮದು. ನಡುವೆ ಒಂದು ಬಾಗಿಲು. ಪೋಣಿಸಿದ ಮಾಲೆಗಳನ್ನು ನಾನು ಹೊಸ್ತಿಲಿನ ಈಚೆ ಇಟ್ಟು ಎರಡು ಹೆಜ್ಜೆ ಹಿಂದೆ ಸರಿಯಬೇಕು. ಆಚೆಯವರು ಬಂದು ಎತ್ತಿಕೊಳ್ಳಬೇಕು. ಎತ್ತಿಕೊಂಡ ಮೇಲೆ ಮೊದಲು ನೀರು ಚಿಮುಕಿಸುತ್ತಾರೆ. ಶುದ್ಧಿಯಂತೆ. ಪೆಟ್ಟಿಗೆಯ ಮೇಲೆ ಮಾತ್ರ ಚಿನ್ನದ ಬಣ್ಣದಲ್ಲಿ ಅಚ್ಚಾಗಿದೆ: 'ಪ್ರತಿ ಮಣಿಯೂ ನಾಮಸ್ಮರಣೆಯೊಂದಿಗೆ ಕೊರೆದದ್ದು.' ಯಾರ ಸ್ಮರಣೆ ಎಂದು ಬರೆದಿಲ್ಲ.

ಬೆಂಚಿನ ಮೊದಲನೆಯ ಜಾಗ ನನ್ನ ಅತ್ತೆಯದು. ಅವರ ಕೈಗೆ ಬಂದ ಮಣಿ ಸೀಳಿದ್ದನ್ನು ನಾನು ನೋಡಿಲ್ಲ.

ಅತ್ತೆಯ ತಾಯಿ ಜಲ್ಲಿ ಒಡೆಯುತ್ತಿದ್ದವರು. ಅತ್ತೆಯೂ ಲಂಗ ಉಡುವ ವಯಸ್ಸಿನಲ್ಲೇ ತಾಯಿಯ ಪಕ್ಕ ಕೂತು ಕಲ್ಲು ಒಡೆದವರು. ದೇವರ ಬಾಗಿಲಿಗೆ ಸೇರಿಸದ ಜನಕ್ಕೆ ಆ ತಾಯಿ ಒಂದು ದಾರಿ ಕಂಡುಕೊಂಡಿದ್ದರು. ನಾಮಕ್ಕೆ ನಾಲ್ಕಕ್ಷರ. ಸುತ್ತಿಗೆ ಎತ್ತುವಾಗ ಎರಡು, ಇಳಿಸುವಾಗ ಎರಡು. ಆಮೇಲೆ ಒಂದು ಉಸಿರು. ಮತ್ತೆ ಸುತ್ತಿಗೆ. "ಇಲ್ಲಿ ಒಳಗೆ ಬಿಡೋರೂ ಇಲ್ಲ, ಹೊರಗೆ ಹಾಕೋರೂ ಇಲ್ಲ. ಕೈ ನಡೆಯೋ ತನಕ ನಡೀಲಿ" ಎಂದಿದ್ದರಂತೆ.

ಹಾಗೆ ಅತ್ತೆಗೆ ನಾಮ ಕೆಲಸದ ಜೊತೆಯಲ್ಲೇ ಬಂದದ್ದು. ನೀರು ಹೊರುವಾಗ, ಬಟ್ಟೆ ಹಿಂಡುವಾಗ, ಮೊಮ್ಮಗಳ ತಲೆ ಬಾಚುವಾಗ ತುಟಿ ಆಡುತ್ತಲೇ ಇರುತ್ತಿತ್ತು. ಬೆಳಕು ಹರಿಯುವ ಹೊತ್ತಿಗೆ ಮಾತ್ರ ಕೈ ಖಾಲಿ ಬಿಟ್ಟು, ಗೋಡೆಗೆ ಒರಗಿ, ಒಂದಿಷ್ಟು ಹೊತ್ತು ಕೂರುತ್ತಿದ್ದರು. "ಮಿಕ್ಕಿದ್ದೆಲ್ಲ ಕೆಲಸದ್ದು. ಇದೊಂದು ನನ್ನದು" ಎನ್ನುತ್ತಿದ್ದರು.

ನನಗೆ ಆ ಬುದ್ಧಿ ಇರಲಿಲ್ಲ. ಮದುವೆಯಾಗಿ ಬಂದ ಹೊಸತರಲ್ಲಿ ಒಂದು ದಿನ ಕೇಳಿಯೇಬಿಟ್ಟೆ.

"ಅತ್ತೆ, ದೇವರಿಗೆ ಕಿವಿ ಮಂದಾನಾ? ಒಂದು ಸಲ ಕೂಗಿದ್ರೆ ಸಾಲಲ್ವಾ?"

"ಅವನಿಗೆ ಚೆನ್ನಾಗೇ ಕೇಳುತ್ತೆ ಕಣೆ. ಮರೆಯೋಳು ನಾನು."

"ಇಷ್ಟು ಮಾಲೆ ಕೊರೆದಿದೀರಿ. ನಿಮ್ಮ ಕೊರಳಲ್ಲಿ ಒಂದೂ ಇಲ್ಲ."

"ನನ್ನ ಮಾಲೆ ಯಾವತ್ತು ಮುಗೀತು, ಹಾಕ್ಕೊಳ್ಳೋಕೆ?" ಎಂದು ನಕ್ಕಿದ್ದರು.

ಮೊದಲು ಬೆಂಚಿನಲ್ಲಿ ಸ್ಪೀಕರ್ ಇರಲಿಲ್ಲ. ಅದು ಬಂದದ್ದು ಅತ್ತೆಯಿಂದಲೇ.

ಒಂದು ದಿನ ಯಜಮಾನರು ತಟ್ಟೆಗಳನ್ನು ನೋಡುತ್ತ ಬಂದರು. ಬಿಳಿ ಬಟ್ಟೆ, ಮೆಲ್ಲನೆಯ ಮಾತು. ಅವರು ಗದರಿದ್ದನ್ನು ಯಾರೂ ಕೇಳಿಲ್ಲ. ಗದರುವುದಕ್ಕೆ ಮೇಸ್ತ್ರಿ ಇದ್ದ. ಅತ್ತೆಯ ತಟ್ಟೆಯಲ್ಲಿ ಒಂದು ಮಣಿಯೂ ಸೀಳಿರಲಿಲ್ಲ. ತೂತು ಎಲ್ಲವೂ ನಟ್ಟನಡುವೆ.

"ಏನಮ್ಮಾ ನಿಮ್ಮ ಗುಟ್ಟು?"

"ಗುಟ್ಟೇನಿಲ್ಲ ಸ್ವಾಮಿ. ನಾಮ ಹೇಳ್ಕೊಂಡು ಕೊರೀತೀನಿ. ಅದು ಮುಗಿಯೋ ಹೊತ್ತಿಗೆ ತೂತೂ ಮುಗಿದಿರುತ್ತೆ."

ಯಜಮಾನರು ಕಣ್ಣು ಮುಚ್ಚಿ ಕೈ ಮುಗಿದರು. ಅದು ನಾಟಕವಲ್ಲ. ಅವರಿಗೂ ಭಕ್ತಿ ಇತ್ತು. ಅದೇ ಕಷ್ಟ.

ಮರುವಾರ ಅತ್ತೆಯನ್ನು ತಮ್ಮ ಕೋಣೆಗೆ ಕರೆಸಿದರು. ನಡುಬಾಗಿಲಿನಿಂದಲ್ಲ, ಹೊರಗಿನಿಂದ ಸುತ್ತು ಹಾಕಿಸಿ. ಚಾಪೆ ಹಾಸಿದ್ದರು. ಸ್ಟೂಲಿನ ಮೇಲೆ ಮೊಬೈಲು ಇಟ್ಟು, ನೀವು ಕೊರೆಯುವಾಗ ಹೇಳುತ್ತೀರಲ್ಲ ಹಾಗೇ ಹೇಳಿ, ಎಂದರು. ಅತ್ತೆ ಮುಖ ತೊಳೆದು ಒಳ್ಳೆಯ ಸೀರೆ ಉಟ್ಟು ಹೋಗಿದ್ದರು. ಒಂದು ಗಂಟೆ ಹೇಳಿದರು. ಕೊನೆಯಲ್ಲಿ ಒಂದು ಕೆಮ್ಮು ಬಂತು. ತಪ್ಪಾಯಿತು ಸ್ವಾಮಿ ಎಂದರು. ಇರಲಿ ಬಿಡಿ ಎಂದರು ಅವರು. ಏನಾದರೂ ಕೊಡಬೇಕೇ ಎಂದಾಗ ಅತ್ತೆ ಕಿವಿ ಮುಚ್ಚಿಕೊಂಡರಂತೆ. "ಇದು ಸಮರ್ಪಣೆ. ಹೋಗಲಿ, ನಮ್ಮವರೆಲ್ಲರ ಬಾಯಿಗೂ ನಾಮ ಬರಲಿ" ಎಂದರಂತೆ.

ಮನೆಗೆ ಬಂದು ನನಗೆ ಹೇಳುವಾಗ ಅವರ ಕಣ್ಣು ತುಂಬಿತ್ತು. "ಚಾಪೆ ಹಾಕಿದ್ರು ಕಣೆ" ಎಂದರು. ಚಾಪೆಗೆ ಅಳುತ್ತಿದ್ದಾರಲ್ಲ ಎಂದು ನನಗೆ ಸಿಟ್ಟು ಬಂತು.

ಮೊದಮೊದಲು ಚೆನ್ನಾಗಿಯೇ ಇತ್ತು. ಅದನ್ನೂ ಹೇಳಬೇಕು. ಅತ್ತೆಯ ದನಿ ಸೂರಿನ ತುಂಬ ತುಂಬಿಕೊಂಡಿತು. ನಮ್ಮ ಕೈಗಳು ಅದರ ಹಿಂದೆ ಹೋದವು. ಮರದ ಹುಡಿ, ಮೋಟರಿನ ಸದ್ದು, ನೆತ್ತಿಯ ಮೇಲಿನ ಕಾದ ತಗಡು, ಎಲ್ಲ ಇದ್ದೂ ಒಂದು ಥರ ಹಗುರವಾಗಿತ್ತು. ಗಂಟೆಗೊಮ್ಮೆ ರೆಕಾರ್ಡು ಮುಗಿದು ಮತ್ತೆ ಶುರುವಾಗುತ್ತಿತ್ತು. ಮುಗಿಯುವಾಗ ಆ ಕೆಮ್ಮು. ಅದೇ ನಮಗೆ ಗಡಿಯಾರ. ಎರಡನೆಯ ಕೆಮ್ಮಿಗೆ ಚಹಾ, ನಾಲ್ಕನೆಯದಕ್ಕೆ ಊಟ.

ಅತ್ತೆಯ ಪಕ್ಕದ ಜಾಗದಲ್ಲಿ ಗುಬ್ಬಿ ಕೂರುತ್ತಿದ್ದಳು. ಪುಟ್ಟ ಆಳು, ಬಿಡುವಿಲ್ಲದ ಬಾಯಿ. ಅದಕ್ಕೇ ಆ ಹೆಸರು. ಅವಳು ಅತ್ತೆಯನ್ನು ದೊಡ್ಡಮ್ಮ ಎನ್ನುತ್ತಿದ್ದಳು, ನನ್ನನ್ನು ಸೊಸೆಮ್ಮ.

"ದೊಡ್ಡಮ್ಮ, ಒಂದು ಮಾತು. ಇನ್ನೊಂದು ಸಲ ಕರೆದ್ರೆ ಅರ್ಧಕ್ಕೇ ಕೆಮ್ಮಿಬಿಡಿ. ಊಟ ಬೇಗ ಆಗುತ್ತೆ."

ಬೆಂಚು ಪೂರ್ತಿ ನಕ್ಕಿತು. ಅತ್ತೆಯೂ ನಕ್ಕರು.

ಮೂರು ತಿಂಗಳಾಗಿರಬೇಕು. ಗುಬ್ಬಿಯೇ ಮೊದಲು ಪತ್ತೆ ಹಚ್ಚಿದಳು.

"ಸೊಸೆಮ್ಮ, ನಿಮ್ಮತ್ತೆ ಕೆಮ್ಮು ಬೇಗ ಬೇಗ ಬರ್ತಿದೆ."

"ನಿನ್ನ ಹೊಟ್ಟೆ ನಿಧಾನ ಆಗಿರಬೇಕು."

"ತಮಾಷೆ ಅಲ್ಲ. ಹೊರಗೆ ಬಿಸಿಲು ನೋಡು. ನಾಲ್ಕನೇ ಕೆಮ್ಮಾಯ್ತು, ನೆರಳು ಇನ್ನೂ ಗೋಡೆ ಹತ್ತಿರಾನೂ ಬಂದಿಲ್ಲ."

ನಾನು ಮೇಸ್ತ್ರಿಯನ್ನು ಕೇಳಿದೆ. ಅವನು ಮುಚ್ಚಿಡಲೂ ಇಲ್ಲ. "ಸ್ವಲ್ಪ ಚುರುಕು ಮಾಡಿದೀವಮ್ಮಾ. ದಿನಕ್ಕೆ ನಾಮ ಜಾಸ್ತಿ ಆಗುತ್ತೆ. ಪುಣ್ಯ ನಿಮಗೇ ತಾನೆ?" ಎಂದ.

ಆಮೇಲೆ ಅದು ನಿಲ್ಲಲಿಲ್ಲ. ಹದಿನೈದು ದಿನಕ್ಕೊಮ್ಮೆ ಇಷ್ಟಿಷ್ಟೇ ಹೆಚ್ಚುತ್ತ ಹೋಯಿತು. ನಾಮಗಳ ನಡುವಿನ ಉಸಿರು ಮೊದಲು ಹೋಯಿತು. ಆಮೇಲೆ ದನಿ ತೆಳ್ಳಗಾಯಿತು. ಅರವತ್ತು ದಾಟಿದ ಹೆಂಗಸಿನ ಗಂಟಲು ಸೊಳ್ಳೆಯ ಥರ ಗುಂಯ್ಗುಟ್ಟತೊಡಗಿತು. ಕೆಮ್ಮು ಹೋಗಿ ಕೀಚು ಎಂಬ ಸದ್ದಾಯಿತು. ಬೆಂಚಿಗೆ ಬಿಗಿದ ಇಕ್ಕಳದಲ್ಲಿ ಮಣಿಯನ್ನು ಕಚ್ಚಿಸಿ ಕೊರೆಯುವುದು ನಮ್ಮ ಪದ್ಧತಿ. ಅದಕ್ಕೆ ಈಗ ಹೊತ್ತು ಸಾಲದು. ಮೇಸ್ತ್ರಿ ಇಕ್ಕಳಗಳನ್ನೆಲ್ಲ ಬಿಚ್ಚಿಸಿ ಮೂಲೆಯ ಡಬ್ಬಕ್ಕೆ ಹಾಕಿಸಿದ. "ಬೆರಳಲ್ಲೇ ಹಿಡೀರಿ. ದೇವರು ಬೆರಳು ಕೊಟ್ಟಿರೋದು ಯಾಕೆ?"

ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಮಣಿ. ಮೇಲಿನಿಂದ ಬೈರಿಗೆ. ಕಾಲಲ್ಲಿ ಅದುಮಿದರೆ ಇಳಿಯುತ್ತದೆ. ದಿನಕ್ಕೆ ಎಷ್ಟು ಸಾವಿರ ಸಲವೋ. ಎಲ್ಲರ ಉಗುರೂ ತರಿದು ಹೋಗಿತ್ತು. ಬಿಸಿಯಾದ ಮಣಿ ಸುಟ್ಟು ಬೆರಳ ತುದಿಯಲ್ಲಿ ಚರ್ಮ ಸತ್ತಿತ್ತು.

ಅತ್ತೆ ಕೈಯ ಬಗ್ಗೆ ಒಂದು ಮಾತೂ ಆಡಲಿಲ್ಲ. ಅವರಿಗೆ ಬೇರೆಯೇ ಒಂದು ಏಟು ಬಿದ್ದಿತ್ತು. ಅದು ನನಗೆ ತಿಳಿದದ್ದು ಒಂದು ಬೆಳಗಿನ ಜಾವ.

ಅವರು ಎಂದಿನಂತೆ ಗೋಡೆಗೆ ಒರಗಿ ಕೂತಿದ್ದರು. ತುಟಿ ಆಡುತ್ತಿತ್ತು. ನಿಂತಿತು. ಮತ್ತೆ ಆಡಿತು. ಮತ್ತೆ ನಿಂತಿತು. ಅಂಗೈಯಿಂದ ಬಾಯಿ ಮುಚ್ಚಿಕೊಂಡರು.

"ಏನಾಯ್ತು ಅತ್ತೆ?"

"ಓಡುತ್ತೆ ಕಣೆ."

"ಏನು ಓಡುತ್ತೆ?"

"ನಾಮ. ನಾನು ಒಂದು ಅನ್ನೋದ್ರೊಳಗೆ ಅದು ನಾಲ್ಕು ಆಗಿರುತ್ತೆ. ಅಲ್ಲಿ ಹೇಗೆ ಓಡುತ್ತೋ ಇಲ್ಲೂ ಹಾಗೇ ಓಡುತ್ತೆ. ಹಿಡಿದು ನಿಲ್ಲಿಸೋಕೆ ಹೋದ್ರೆ ಅಕ್ಷರಾನೇ ಬರಲ್ಲ." ಸೆರಗಿನಿಂದ ಬಾಯಿ ಒರೆಸಿಕೊಂಡರು. "ಏಳು ವರ್ಷದವಳಿದ್ದಾಗಿಂದ ಹೇಳಿದೀನಿ. ಗಂಡ ಸತ್ತ ದಿನಾನೂ ನಿಂತಿರಲಿಲ್ಲ. ಈಗ ಬಾಯಿ ತೆಗೆದ್ರೆ ಮೆಷಿನ್ನು."

ಅಂದಿನಿಂದ ಅವರು ಬೆಳಗಿನ ಜಾವ ಕೂರುವುದನ್ನು ಬಿಟ್ಟರು. ಏಳುತ್ತಿದ್ದರು, ಸುಮ್ಮನೆ ಕಸ ಗುಡಿಸುತ್ತಿದ್ದರು. ತುಟಿ ಆಡುತ್ತಿರಲಿಲ್ಲ. ನಮ್ಮ ಮನೆಯಲ್ಲಿ ಯಾರೋ ಸತ್ತಂತೆ ಇತ್ತು.

ನಾನು ಯಜಮಾನರಿಗೆ ಹೇಳೋಣ ಎಂದೆ. ಅತ್ತೆ ಬೇಡವೆಂದು ತಲೆ ಆಡಿಸಿದರು. "ಕೊಟ್ಟವಳು ನಾನೇ. ಯಾವ ಬಾಯಲ್ಲಿ ಕೇಳಲಿ?"

ಅದೇ ವಾರ ಗುಬ್ಬಿಯ ಬೆರಳು ಹೋಯಿತು.

ನಾನು ನೋಡುತ್ತಿದ್ದೆ. ಅವಳು ನನಗೇ ಏನೋ ಹೇಳಲು ಈ ಕಡೆ ತಿರುಗಿದಳು. ಅಷ್ಟೇ. ಬೈರಿಗೆ ಎಡಗೈಯ ತೋರುಬೆರಳಿನ ಉಗುರಿನ ಮೇಲೆ ಇಳಿದು ಆಚೆ ಬಂತು. ಅವಳು ಕೂಗಲೂ ಇಲ್ಲ. ಬಾಯಿ ತೆರೆದೇ ಇತ್ತು, ಮಾತು ನಿಂತಿತ್ತು. ನಾನು ಓಡಿ ಹೋಗಿ ಸ್ವಿಚ್ಚು ಆರಿಸಿದೆ. ಬೈರಿಗೆಯನ್ನು ಮೇಲಕ್ಕೆತ್ತಿ ಬೆರಳು ಬಿಡಿಸಿದೆವು. ನನ್ನ ಸೆರಗನ್ನು ಹರಿದು ಕಟ್ಟಿದೆವು.

ಸ್ಪೀಕರ್ ನಿಲ್ಲಲಿಲ್ಲ.

ಮೇಸ್ತ್ರಿ ಬಂದು ನೋಡಿದ. "ನಾಮದ ಮೇಲೆ ಮನಸ್ಸಿದ್ದಿದ್ರೆ ಹೀಗಾಗ್ತಿತ್ತಾ? ಹರಟೆ ಮೇಲೆ ಮನಸ್ಸು. ಏಯ್, ಉಳಿದೋರು ಕೈ ನಿಲ್ಲಿಸಬೇಡಿ. ಇದು ಅಖಂಡ ನಾಮ, ಕಡೀಬಾರದು." ಆಮೇಲೆ ಬಗ್ಗಿ, ಕೆಳಗೆ ಬಿದ್ದ ಮಣಿಯನ್ನು ಎತ್ತಿದ. ಚಿಂದಿಯಲ್ಲಿ ಒರೆಸಿದ. ಬೆಳಕಿಗೆ ಹಿಡಿದು ನೋಡಿದ. "ತೂತು ಸರಿಯಾಗೇ ಬಿದ್ದಿದೆ" ಎಂದು ತಟ್ಟೆಯ ಗುಳಿಗೆ ಹಾಕಿದ.

ಆ ತಟ್ಟೆ ನನ್ನ ಕೈಗೆ ಬಂತು. ಆ ಮಣಿಯ ಬಣ್ಣ ಬೇರೆಯಾಗಿತ್ತು. ನಾನು ಅದನ್ನೂ ಪೋಣಿಸಿದೆ. ಹೊಸ್ತಿಲಿನ ಈಚೆ ಇಟ್ಟು ಎರಡು ಹೆಜ್ಜೆ ಹಿಂದೆ ಸರಿದೆ. ಅವರು ನೀರು ಚಿಮುಕಿಸಿ ಒಳಗೆ ಒಯ್ದರು. ಯಾರ ಕೈಯಲ್ಲಿದೆಯೋ ಈಗ. ಅವರಿಗೆ ಒಳ್ಳೆಯದಾಗಲಿ ಎನ್ನಲು ನನಗೆ ಬಾಯಿ ಬರುವುದಿಲ್ಲ.

ಮರುದಿನ ಅತ್ತೆ ಎಲ್ಲರಿಗಿಂತ ಮೊದಲು ಒಳಗೆ ಹೋದರು. ಮೂಲೆಯ ಡಬ್ಬದಿಂದ ತಮ್ಮ ಇಕ್ಕಳ ಹುಡುಕಿ ತಂದು ಬೆಂಚಿಗೆ ತಿರುಪು ಹಾಕಿ ಕೂರಿಸಿದರು. ಸ್ಪೀಕರ್ ಶುರುವಾಯಿತು. ಅತ್ತೆ ಮಣಿಯನ್ನು ಇಕ್ಕಳಕ್ಕೆ ಕಚ್ಚಿಸಿದರು, ನೋಡಿದರು, ಸರಿಪಡಿಸಿದರು, ಕೊರೆದರು, ಬಿಡಿಸಿದರು, ತಟ್ಟೆಗಿಟ್ಟರು. ಸ್ಪೀಕರ್ ಅಷ್ಟರಲ್ಲಿ ನಾಲ್ಕು ನಾಮ ಮುಗಿಸಿತ್ತು.

"ಏನಮ್ಮಾ ಇದು?" ಎಂದ ಮೇಸ್ತ್ರಿ.

"ಕೆಲಸ."

"ನಾಮ ತಪ್ಪಿಸ್ತಿದೀರಿ."

"ನಾನು ತಪ್ಪಿಸ್ತಿಲ್ಲಪ್ಪ. ಅದು ತಪ್ಪಿಸ್ಕೊಂಡು ಓಡ್ತಿದೆ."

ಮೇಸ್ತ್ರಿ ಯಜಮಾನರನ್ನು ಕರೆತಂದ. ಅವರು ಮೋಟರುಗಳನ್ನು ನಿಲ್ಲಿಸಲು ಹೇಳಿದರು. ಸ್ಪೀಕರನ್ನು ನಿಲ್ಲಿಸಲಿಲ್ಲ.

"ಅಮ್ಮನವರೇ, ನಿಮ್ಮಿಂದಲೇ ಶುರುವಾದ ಸೇವೆ ಇದು. ನೀವೇ ಹೀಗೆ ಮಾಡಬಹುದಾ?"

"ಸ್ವಾಮಿ, ಅದನ್ನ ಮುಂಚಿನ ಹಾಗೆ ಇಡಿಸಿ. ಇಲ್ಲಾಂದ್ರೆ ನಿಲ್ಲಿಸಿ. ಆ ಹುಡುಗಿ ಬೆರಳು ಹೋಯ್ತು."

"ಅದಕ್ಕೆ ನನಗೂ ನೋವಿದೆ. ಆದರೆ ಯೋಚನೆ ಮಾಡಿ. ಮುಂಚೆ ಈ ಸೂರಿನಡಿ ದಿನಕ್ಕೆ ಎಷ್ಟು ನಾಮ ಆಗ್ತಿತ್ತು? ಈಗ ಅದರ ಮೂರರಷ್ಟು. ನಿರಂತರ ಸ್ಮರಣೆ ಅಂದ್ರೆ ಇದೇ ಅಲ್ವಾ? ಎಷ್ಟು ಜನಕ್ಕೆ ಈ ಭಾಗ್ಯ ಇದೆ?"

"ಹೇಳೋದು ಸ್ಪೀಕರ್ರು ಸ್ವಾಮಿ. ನಮ್ಮಲ್ಲಿ ಒಬ್ಬರ ತುಟೀನೂ ಆಡ್ತಿಲ್ಲ. ಬೆರಳು ಉಳಿಸ್ಕೊಳ್ಳೋದೇ ಆಗಿದೆ."

"ಮನಸ್ಸಿನಲ್ಲಿ ಹೇಳಬಹುದಲ್ಲ."

ಅತ್ತೆ ಎದ್ದು ನಿಂತರು. ಮಡಿಲಿನ ಹುಡಿ ಕೊಡವಿದರು. "ನಿಮ್ಮ ಕೊರಳಲ್ಲಿ ಮಾಲೆ ಇದೆ. ಬಹುಶಃ ನಾನೇ ಕೊರೆದಿದ್ದು. ಅದನ್ನ ಕೈಗೆ ತೊಗೊಳ್ಳಿ. ಸ್ಪೀಕರ್ ಜೊತೆ ಒಂದೇ ಒಂದು ಸುತ್ತು ಮಾಡಿ. ಕೊರೆಯೋದು ಬೇಡ, ಬರೀ ಹೇಳಿ. ಅದು ಒಂದು ಅಂದಾಗ ನಿಮ್ಮದೂ ಒಂದಾಗಬೇಕು. ನೀವು ಮುಗಿಸಿದ್ರೆ ನಾನು ಬೆರಳಲ್ಲೇ ಹಿಡೀತೀನಿ."

ಯಜಮಾನರಿಗೆ ಹಿಂದೆ ಸರಿಯುವುದು ಸುಲಭವಿತ್ತು. ಸರಿಯಲಿಲ್ಲ. ದಿನಾ ಜಪ ಮಾಡುವವರು, ಧೈರ್ಯ ಇತ್ತು. ಅಂಗಿಯೊಳಗಿನಿಂದ ಮಾಲೆ ತೆಗೆದು ಕಣ್ಣಿಗೊತ್ತಿಕೊಂಡು ಶುರುಮಾಡಿದರು.

ಐದಾರು ಮಣಿ ಚೆನ್ನಾಗಿಯೇ ಹೋಯಿತು. ಆಮೇಲೆ ಹೆಬ್ಬೆರಳು ಎರಡೆರಡು ಮಣಿ ಒಟ್ಟಿಗೆ ತಳ್ಳಿತು. ತುಟಿ ಅಕ್ಷರ ನುಂಗತೊಡಗಿತು. ನಾಲ್ಕು ಹೋಗಿ ಮೂರಾಯಿತು, ಮೂರು ಹೋಗಿ ಬರೀ ಗಾಳಿಯಾಯಿತು. ಹಣೆಯಲ್ಲಿ ಬೆವರು. ಇಪ್ಪತ್ತೂ ಆಗಿರಲಿಲ್ಲ. ಉಸಿರು ಕಟ್ಟಿ ನಿಂತರು. ಸ್ಪೀಕರ್ ಅವರನ್ನು ಬಿಟ್ಟು ಮುಂದೆ ಓಡಿತು.

"ನನಗೆ ಇದು ಅಭ್ಯಾಸ ಇಲ್ಲ" ಎಂದರು.

"ನಮಗೂ ಇರಲಿಲ್ಲ" ಎಂದರು ಅತ್ತೆ.

ಬೆಂಚಿನ ಕೊನೆಯಲ್ಲಿ ಯಾರೋ ಕಿಸಕ್ಕೆಂದರು. ಅದೇ ತಪ್ಪಾಯಿತೋ ಏನೋ. ಯಜಮಾನರ ಮುಖದಲ್ಲಿ ಏನೋ ಮುಚ್ಚಿಕೊಂಡಿತು. ಆದರೂ ದನಿ ಏರಲಿಲ್ಲ. ಮೇಸ್ತ್ರಿಯ ಕಡೆ ತಿರುಗಿ ಹೇಳಿದರು. "ಅಮ್ಮನವರಿಗೆ ದಣಿವಾಗಿದೆ. ನಾಳೆಯಿಂದ ಮನೆಯಲ್ಲೇ ಕೂತು ನಾಮ ಮಾಡಲಿ. ಅದಕ್ಕಿಂತ ಪುಣ್ಯದ ಕೆಲಸ ಏನಿದೆ?"

ಅತ್ತೆ ಕೇಳಿದರು. "ಹೋಗ್ತೀನಿ. ನನ್ನ ದನಿ?"

"ಸಮರ್ಪಣೆ ಅಂತ ನೀವೇ ಅಂದ್ರಿ. ಕೊಟ್ಟಿದ್ದನ್ನ ವಾಪಸ್ ಕೇಳಬಾರದಮ್ಮ."

ಅತ್ತೆ ನನ್ನ ಕಡೆ ನೋಡಿದರು. ನಾನು ದಾರಕ್ಕೆ ಮಣಿ ಹಾಕುತ್ತಿದ್ದೆ. ತಲೆ ಎತ್ತಲಿಲ್ಲ. ಮನೆಯಲ್ಲಿ ಮಗಳಿದ್ದಾಳೆ, ಗಂಡ ಲಾರಿ ಮೇಲೆ ಹೋದರೆ ಬರುವುದು ಯಾವಾಗಲೋ, ಒಲೆ ಉರಿಯಬೇಕು. ಇವೆಲ್ಲ ನಿಜ. ತಲೆ ಎತ್ತಲಿಲ್ಲ ಎಂಬುದೂ ನಿಜ.

ಸಂಜೆ ಮನೆಗೆ ಹೋದಾಗ ಹಿತ್ತಲಿನಿಂದ ಸದ್ದು ಬರುತ್ತಿತ್ತು. ಅತ್ತೆ ಮಂಚದ ಕೆಳಗಿನ ಹಳೆಯ ಸುತ್ತಿಗೆ ತೆಗೆದಿದ್ದರು, ಅವರ ತಾಯಿಯದು. ಹಿಡಿಯ ಮರ ಸವೆದು ಕರ್ರಗಾಗಿತ್ತು. ಒಂದು ಕಲ್ಲಿನ ಮುಂದೆ ಕುಕ್ಕರಗಾಲಲ್ಲಿ ಕೂತು ಎತ್ತುತ್ತಿದ್ದರು, ಇಳಿಸುತ್ತಿದ್ದರು.

ನಾನು ಪಕ್ಕದಲ್ಲಿ ಕೂತೆ. ಕ್ಷಮೆ ಕೇಳಬೇಕೆಂದಿದ್ದೆ. ಅವರು ಬೇಡವೆಂಬಂತೆ ಕೈ ಆಡಿಸಿದರು.

"ಕೇಳು" ಎಂದರು.

ಸುತ್ತಿಗೆ ಎತ್ತಿದಾಗ ಎರಡಕ್ಷರ. ಇಳಿದಾಗ ಎರಡಕ್ಷರ. ಉಸಿರು. ಮೂರನೆಯ ಸಲ ಬಾಯಿ ಓಡಲು ನೋಡಿತು. ಸುತ್ತಿಗೆ ಓಡಲಿಲ್ಲ. ಅದರ ಭಾರ ಅದಕ್ಕೆ. ಬಾಯಿ ಕಾಯಬೇಕಾಯಿತು.

"ಇದನ್ನ ಯಾರೂ ಚುರುಕು ಮಾಡೋಕಾಗಲ್ಲ ಕಣೆ" ಎಂದರು ಅತ್ತೆ. ಎಷ್ಟೋ ದಿನದ ಮೇಲೆ ಅವರ ತುಟಿ ಆಡುತ್ತಿತ್ತು. ಆದರೂ ಸುತ್ತಿಗೆ ಕೆಳಗಿಟ್ಟ ಕೂಡಲೇ ಮತ್ತೆ ಓಟ. ಮತ್ತೆ ಎತ್ತಿಕೊಂಡರು. "ಕೈ ಸೋತಾಗ ಏನು ಮಾಡಲಿ?" ಎಂದು ತಮ್ಮಷ್ಟಕ್ಕೇ ಹೇಳಿಕೊಂಡರು.

ನಾನು ಅವರ ಕೈಯಿಂದ ಸುತ್ತಿಗೆ ತೆಗೆದುಕೊಂಡೆ. ಎತ್ತಿದೆ, ಇಳಿಸಿದೆ. ನಾಮವನ್ನೂ ಹೇಳಿದೆ. ನನ್ನ ಬಾಯಿಗೆ ಅದು ಹೊಸದು. ಅತ್ತೆ ಕಣ್ಣು ಮುಚ್ಚಿ ಕೇಳಿದರು.

ಬೆಳಿಗ್ಗೆ ಸುತ್ತಿಗೆಯನ್ನು ಊಟದ ಚೀಲದಲ್ಲಿ ಹಾಕಿಕೊಂಡು ಹೋದೆ.

ಮೇಸ್ತ್ರಿ ನನ್ನನ್ನು ಅತ್ತೆಯ ಜಾಗದಲ್ಲಿ ಕೂರಿಸಿದ. ಪೋಣಿಸುವುದಕ್ಕೆ ಗುಬ್ಬಿ ಬಂದಿದ್ದಳು, ಎಡಗೈ ತುಂಬ ಬ್ಯಾಂಡೇಜು. ಒಂದು ಕೈಯಲ್ಲಿ ಹೇಗೆ ಪೋಣಿಸುತ್ತಾಳೆ ಎಂದು ಯಾರೂ ಕೇಳಿರಲಿಲ್ಲ. ಸ್ಪೀಕರಿನಲ್ಲಿ ಅತ್ತೆಯ ದನಿ ಗುಂಯ್ಗುಟ್ಟಿತು. ನಾನು ಸುತ್ತಿಗೆಯನ್ನು ಗುಬ್ಬಿಯ ಮಡಿಲಲ್ಲಿಟ್ಟೆ.

"ಯಾರ ತಲೆ ಮೇಲೆ ಹಾಕಲಿ, ಹೇಳು" ಎಂದಳು.

"ತಲೆ ಬೇಡ. ಬೆಂಚಿಗೆ ಹೊಡಿ. ನಿಧಾನವಾಗಿ. ಒಂದು ಉಸಿರು ಬಿಟ್ಟು ಬಿಟ್ಟು."

ಅವಳಿಗೆ ತಿಳಿಯಿತು. ಧಣ್ ಎಂದಿತು. ಉಸಿರು. ಧಣ್. ನಾನು ಇಕ್ಕಳಕ್ಕೆ ಮಣಿ ಕಚ್ಚಿಸಿ ಏಟಿಗೊಂದು ನಾಮ ಹೇಳಿದೆ, ಜೋರಾಗಿ. ಪಕ್ಕದವಳು ನನ್ನನ್ನು ನೋಡಿದಳು. ಎದ್ದು ಹೋದಳು. ಹೋದಳಲ್ಲ ಎಂದುಕೊಂಡೆ. ಡಬ್ಬದಿಂದ ಇಕ್ಕಳ ತಂದು ಕೂತಳು. ಆಮೇಲೆ ಇನ್ನೊಬ್ಬಳು. ಆಮೇಲೆ ಡಬ್ಬ ಖಾಲಿ.

ಮೇಸ್ತ್ರಿ ಸ್ಪೀಕರಿನ ಸದ್ದು ಏರಿಸಿದ. ಗುಬ್ಬಿ ಏಟು ಏರಿಸಿದಳು. ಅವನು ಮೋಟರಿನ ಕರೆಂಟು ತೆಗೆದ. ಬೈರಿಗೆಗಳು ನಿಂತವು. ಏಟು ನಿಲ್ಲಲಿಲ್ಲ, ನಾಮ ನಿಲ್ಲಲಿಲ್ಲ. ಹತ್ತು ಹೆಂಗಸರ ಬಾಯಲ್ಲಿ ಅದು ದಪ್ಪಗೆ, ನೆಲದ ಮೇಲೆ ಹೆಜ್ಜೆ ಊರಿದಂತೆ ಬರುತ್ತಿತ್ತು.

ನಡುಬಾಗಿಲು ತೆರೆಯಿತು. ಹಜಾರದಲ್ಲಿದ್ದ ಕೊಳ್ಳುವವರು ಇಣುಕಿದರು. ರೇಷ್ಮೆ ಸೀರೆಯ ಒಬ್ಬಾಕೆ ಕಣ್ಣು ತುಂಬಿ ಕೈ ಮುಗಿದರು. "ಎಷ್ಟು ಚೆನ್ನಾಗಿ ಹೇಳ್ತಾರೆ. ಇವರನ್ನೇ ಮುಂದೆ ಕೂರಿಸಬಾರದಾ?" ಎಂದು ಯಜಮಾನರನ್ನು ಕೇಳಿದರು. ಯಜಮಾನರು ನಗುನಗುತ್ತಲೇ ಬಾಗಿಲು ಹಾಕಿದರು. ಆಚೆಯಿಂದ ಚಿಲಕ ಬಿದ್ದ ಸದ್ದು ಕೇಳಿಸಿತು.

ಮಾರನೆಯ ದಿನ ಹಿಂದಿನ ಗೇಟಿಗೆ ಬೀಗ.

ಮೇಸ್ತ್ರಿ ಒಳಗಿನಿಂದ ಸರಳು ಹಿಡಿದು ನಿಂತಿದ್ದ. "ಒಬ್ಬೊಬ್ಬರಾಗಿ ಬಂದು ತಪ್ಪಾಯ್ತು ಅನ್ನಿ. ಒಳಗೆ ಬಿಡ್ತೀನಿ. ಸೊಸೆಮ್ಮನೂ ಗುಬ್ಬೀನೂ ಬಿಟ್ಟು."

ಯಾರೂ ಮುಂದೆ ಹೋಗಲಿಲ್ಲ. ಮನೆಗೂ ಹೋಗಲಿಲ್ಲ. ಬಿಸಿಲಿನಲ್ಲಿ ಚರಂಡಿಯ ಕಟ್ಟೆಯ ಮೇಲೆ ಕೂತೆವು. ನಾಳೆ ಇಷ್ಟೇ ಜನ ಇರುತ್ತೇವೆ ಎಂದು ನನಗೆ ನಂಬಿಕೆಯಿಲ್ಲ. ಒಬ್ಬಳ ಗಂಡ ಆಗಲೇ ಬಂದು ಬೈದು ಹೋಗಿದ್ದಾನೆ. ಇನ್ನೊಬ್ಬಳು ಗೇಟಿನ ಕಡೆಗೇ ನೋಡುತ್ತಿದ್ದಾಳೆ.

ಅತ್ತೆ ಬಂದರು. ನಮಗೆ ನೀರು ತಂದಿದ್ದರು. ಕೊಡ ಕೆಳಗಿಳಿಸಿ ನನ್ನ ಪಕ್ಕ ಕೂತರು.

ತಗಡಿನ ಸೂರಿನೊಳಗೆ ಸ್ಪೀಕರ್ ಹಾಡುತ್ತಲೇ ಇತ್ತು. ಬೆಂಚಿನಲ್ಲಿ ಯಾರೂ ಇಲ್ಲ. ಮೋಟರು ಇಲ್ಲ. ಅಖಂಡ ನಾಮ ಕಡಿಯಬಾರದೆಂದು ಅದೊಂದನ್ನು ಹಚ್ಚಿಟ್ಟಿದ್ದರು. ಖಾಲಿ ಕೋಣೆಯಲ್ಲಿ ಅತ್ತೆಯ ದನಿ ಒಂದೇ ಸಮನೆ ಓಡುತ್ತಿತ್ತು. ಅತ್ತೆ ಅದನ್ನೇ ಕೇಳುತ್ತ ಕೂತರು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ. ಅದು ನನಗೆ ತಡೆಯಲಾಗಲಿಲ್ಲ.

ಕೊನೆಗೆ ಒಳಗೆ ಕೀಚು ಎಂದಿತು. ಕೂಡಲೇ ಮತ್ತೆ ಮೊದಲಿನಿಂದ.

"ಪಾಪ" ಎಂದರು ಅತ್ತೆ. "ಕೆಮ್ಮೋಕೂ ಬಿಡಲ್ಲ ಅವಳನ್ನ."

ಕೈ ಚಾಚಿದರು. ಗುಬ್ಬಿ ಸುತ್ತಿಗೆ ಕೊಟ್ಟಳು.